ಎಫ್ 12 ಮತ್ತು ನಮ್ಮನೆಯವರು

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎಫ್ 1ರಿಂದ ಎಫ್ 12ರ ತನಕ ಒಂದು ಡಜನ್ ಕೀಲಿಗಳಿವೆ. ಎಫ್ 5 ಎಲ್ಲರಿಗೂ ಗೊತ್ತು; ಊರಿಗೆ ಹೋಗಲು ತತ್ಕಾಲ್ ಟಿಕೆಟ್ ಹುಡುಕಿದವರ ಬೆರಳಿಗಂತೂ ಅದು ಬಾಯಿಪಾಠ. ಉಳಿದವು ಯಾಕಿವೆ ಅಂತ ಕೇಳಿದವರಿಲ್ಲ, ಹೇಳಿದವರೂ ಇಲ್ಲ. ಎಫ್ 12 ಪಾಪ ತುತ್ತತುದಿಯಲ್ಲಿ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿದೆ. ಅದರ ತಂಟೆಗೆ ನಮ್ಮನೆಯವರು ಹೋಗದ ದಿನವಿಲ್ಲ.

ಬ್ರೌಸರಿನಲ್ಲಿ ಯಾವುದಾದರೂ ಜಾಲತಾಣ ತೆರೆದು ಎಫ್ 12 ಒತ್ತಿ ನೋಡಿ. ಚೆಂದವಾಗಿ ಸಿಂಗರಿಸಿಕೊಂಡಿದ್ದ ಪುಟ ಅತ್ತ ಸರಿದು, ಇತ್ತ ಅದರ ಒಳಗಿನದೆಲ್ಲ ಬಯಲಿಗೆ ಬೀಳುತ್ತದೆ. ಈ ಬಣ್ಣ ಯಾವ ಸಾಲಿನಿಂದ ಬಂತು, ಈ ಚಿತ್ರ ಬರಲು ಎಷ್ಟು ಹೊತ್ತು ಹಿಡಿಯಿತು, ನೀವು ಓದುತ್ತಿರುವಾಗ ಹಿಂದಿನಿಂದ ಯಾವ ಯಾವ ಕಂಪನಿಗೆ ನಿಮ್ಮ ಬಗ್ಗೆ ಚಾಡಿ ಹೋಯಿತು, ಕೋಡ್ ಎಲ್ಲಿ ಮುಗ್ಗರಿಸಿತು, ಎಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಉಣ್ಣೋದು ಬಿಟ್ಟು, ಅಡುಗೆಭಟ್ಟರ ಬೆನ್ನ ಹಿಂದೆ ಹೋಗಿ ಕೊಪ್ಪರಿಗೆಯ ಮುಚ್ಚಳ ಎತ್ತಿ "ಇದಕ್ಕೆ ಬೆಲ್ಲ ಹಾಕಿದ್ರಾ?" ಅಂತ ಕೇಳುವ ಭಾವ ಒಬ್ಬರು ಎಲ್ಲ ಮನೆತನದಲ್ಲೂ ಇರುತ್ತಾರಲ್ಲ, ಅಂಥವರಿಗಾಗಿಯೇ ಮಾಡಿಸಿದ ಕೀಲಿ ಅದು. ನಾನು ನೋಡಿ ನೋಡಿ ಅಂಥವರನ್ನೇ ಮದುವೆಯಾಗಿದ್ದೇನೆ.

ಮುಚ್ಚಳ ಎತ್ತಿ ನೋಡಿದ್ದರೆ ಸಾಕಿತ್ತು. ಇವರು ಮುಚ್ಚಳ ಎತ್ತುವ ಸಾಧನವನ್ನೇ ಮಾಡಲು ಕೂತಿದ್ದಾರೆ. ಹಗಲು ವೆಸ್ಟ್ ಬೇಯ ಗಾಜಿನ ಕಟ್ಟಡವೊಂದರಲ್ಲಿ ಸಂಬಳದ ಕೆಲಸ. ರಾತ್ರಿ ಮನೆಯಲ್ಲಿ, ಬ್ರೌಸರಿಗೆ ಜೋಡಿಸಿಕೊಂಡು ಜಾಲತಾಣಗಳ ತಪ್ಪು ಹುಡುಕುವ ಎಕ್ಸ್‌ಟೆನ್ಷನ್ ಕಟ್ಟುವ ಪುಕ್ಕಟೆ ಕೆಲಸ. ದೋಹಾದ ಉಳಿದ ಕನ್ನಡಿಗರು ಶುಕ್ರವಾರ ಬಂತೆಂದರೆ ಮನುಷ್ಯರ ಥರ ಇರುತ್ತಾರೆ. ಕರ್ನಾಟಕ ಸಂಘದ್ದೋ, ತುಳುಕೂಟದ್ದೋ, ಬಂಟರದ್ದೋ, ಬಿಲ್ಲವರದ್ದೋ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಇಂಡಿಯನ್ ಕಲ್ಚರಲ್ ಸೆಂಟರಿನ ಅಶೋಕಾ ಹಾಲಿನಲ್ಲಿ ಸೀರೆಗಳ ಸರಬರ. ಇಲ್ಲದಿದ್ದರೆ ಕಾರ್ನಿಷ್‌ನಲ್ಲಿ ನಡಿಗೆ, ಸೂಕ್ ವಾಕಿಫ್‌ನಲ್ಲಿ ಕರಕ್ ಚಹಾ. ನಮ್ಮನೆಯವರಿಗೆ ಸೆಕೆಯದೊಂದು ನೆಪ. ಸೆಕೆಯೂ ಸುಳ್ಳಲ್ಲ ಬಿಡಿ. ಜೂನ್ ಮೊದಲಿಂದ ಸೆಪ್ಟೆಂಬರ್ ಅರ್ಧದ ತನಕ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಕತಾರ್ ಸರ್ಕಾರವೇ 2021ರಲ್ಲಿ ನಿಯಮ ಬಿಗಿ ಮಾಡಿತು. ಏಸಿ ಹಾಕಿಕೊಂಡು ಒಳಗೆ ಕೂತು ಬಿಟ್ಟಿ ಕೆಲಸ ಮಾಡುವವರನ್ನು ತಡೆಯುವ ನಿಯಮ ಮಾತ್ರ ಇನ್ನೂ ಬಂದಿಲ್ಲ.

ಇಲ್ಲಿ ರಾತ್ರಿ ಎಂಟು ಅಂದರೆ ತೀರ್ಥಹಳ್ಳಿಯಲ್ಲಿ ಹತ್ತೂವರೆ. ಮಲಗುವ ಮುಂಚೆ ಅತ್ತೆಯ ವಿಡಿಯೋ ಕಾಲ್.

"ಎಂತ ಮಾಡ್ತಾ ಇದ್ದಾನೆ ಮಾರಾಯ್ತಿ ಅವ್ನು?"

"ಕೆಲಸ ಮಾಡ್ತಿದ್ದಾರೆ ಅತ್ತೆ."

"ಈ ಹೊತ್ತಲ್ಲಿ? ಜಾಸ್ತಿ ಕೊಡ್ತಾರಾ?"

"ಏನೂ ಕೊಡಲ್ಲ ಅತ್ತೆ."

"ಮತ್ತೆ ಯಾರಿಗೆ ಮಾಡ್ತಿದ್ದಾನೆ?"

"ಯಾರಿಗೆ ಬೇಕೋ ಅವರಿಗೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, "ಸಾಲಗೀಲ ಮಾಡ್ಕಂಡಿದ್ದಾನೇನೇ?"

ಓಪನ್ ಸೋರ್ಸ್ ಅಂದರೇನು ಅಂತ ಅತ್ತೆಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಮಾಡಿದ ಕೋಡನ್ನು ಬಚ್ಚಿಡದೆ ಎಲ್ಲರೆದುರು ಇಡೋದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗೆ ಮಾಡಬಹುದು ಅಂತ ಲೈಸೆನ್ಸಿನಲ್ಲಿ ಬರೆದೂ ಕೊಟ್ಟಿರುತ್ತಾರೆ ಅಂದೆ. "ಬರೆದುಕೊಟ್ಟಿದ್ದಾನಾ!" ಅಂದರು ಅತ್ತೆ. ಜಮೀನಿನ ವ್ಯಾಜ್ಯ ಕಂಡವರಿಗೆ ಬರೆದುಕೊಡೋದು ಅಂದರೇನೇ ಎದೆ ಧಸಕ್.

ಯಾಕೆ ಈ ಬಿಟ್ಟಿ ಕೆಲಸ ಅಂತ ಇವರನ್ನು ಕೇಳಿದರೆ ಫೈರ್‌ಬಗ್ ಪುರಾಣ ಶುರು. ನನಗೆ ಅದು ಈಗ ಬಾಯಿಪಾಠವಾಗಿದೆ, ಕೇಳಿ. ಹಿಂದಿನ ಕಾಲದಲ್ಲಿ ಜಾಲತಾಣದ ಕೋಡ್ ಎಲ್ಲಿ ಕೈಕೊಟ್ಟಿತು ಅಂತ ತಿಳಿಯಲು ಅಲರ್ಟ್ ಎಂಬ ಪುಟ್ಟ ಡಬ್ಬಿಯೇ ಗತಿ. "ಇಲ್ಲಿಗೆ ಬಂದೆ" ಅಂತ ಒಂದು ಡಬ್ಬಿ, "ಇಲ್ಲಿಗೂ ಬಂದೆ" ಅಂತ ಇನ್ನೊಂದು. ಮೂರನೆಯದು ಬರದಿದ್ದರೆ ಎರಡು ಮೂರರ ನಡುವೆ ಎಲ್ಲೋ ಬಗ್ ಇದೆ ಅಂತ ಲೆಕ್ಕ. ಹೀಗಿರಲಾಗಿ, 2006ರಲ್ಲಿ ಜೋ ಹೆವಿಟ್ ಎಂಬ ಪುಣ್ಯಾತ್ಮ ಫೈರ್‌ಫಾಕ್ಸ್ ಬ್ರೌಸರಿಗೆ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಮಾಡಿ ಪುಕ್ಕಟೆ ಬಿಟ್ಟ. ಮೌಸನ್ನು ಪುಟದ ಮೇಲೆ ಆಡಿಸಿದರೆ ಸಾಕು, ಆ ಜಾಗದ ಕೋಡ್ ಎದ್ದು ಕಾಣುತ್ತಿತ್ತು. ಬಣ್ಣ ಬದಲಿಸಿದರೆ ಅಲ್ಲೇ, ಆಗಲೇ ಬದಲಾಗುತ್ತಿತ್ತು. ಜಾಲದಲ್ಲಿ ಏನು ಹೋಯಿತು, ಏನು ಬಂತು ಅನ್ನುವುದಕ್ಕೆ ಒಂದು ಪಟ್ಟಿ. ಕೋಡನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿ ಕಿಸೆ ತಡಕಲು ಒಂದು ವ್ಯವಸ್ಥೆ. ಅಲರ್ಟ್ ಡಬ್ಬಿಗಳಲ್ಲಿ ಜೀವ ತೇದವರಿಗೆ ಸ್ವರ್ಗಕ್ಕೆ ಮೂರೇ ಗೇಣು.

2007ರಲ್ಲಿ ಹೆವಿಟ್ ಇದ್ದ ಪುಟ್ಟ ಕಂಪನಿಯನ್ನು ಫೇಸ್‌ಬುಕ್ ಕೊಂಡುಕೊಂಡಿತು, ಆತ ಅತ್ತ ಹೋದ. ಮುಚ್ಚಿಟ್ಟ ಸಾಧನವಾಗಿದ್ದರೆ ಅಲ್ಲಿಗೆ ಎಳ್ಳುನೀರು. ಕೋಡ್ ಬಯಲಲ್ಲೇ ಇತ್ತಲ್ಲ, ಐಬಿಎಂನ ಜಾನ್ ಬಾರ್ಟನ್, ಆಮೇಲೆ ಯಾನ್ ಓಡ್ವಾರ್ಕೊ, ಇನ್ನೂ ಹತ್ತಾರು ಮಂದಿ ಎತ್ತಿಕೊಂಡು ಸಾಕಿದರು. ಅಷ್ಟರಲ್ಲಿ ವೆಬ್‌ಕಿಟ್‌ನವರ ವೆಬ್ ಇನ್‌ಸ್ಪೆಕ್ಟರ್ ಇತ್ತು, 2008ರಲ್ಲಿ ಕ್ರೋಮ್ ಬಂತು, ಫೈರ್‌ಫಾಕ್ಸ್ ತಾನೇ ತನ್ನ ಹೊಟ್ಟೆಯೊಳಗೆ ಅಂಥದ್ದೇ ಸಾಧನ ಕಟ್ಟಿಕೊಂಡಿತು. ಎಲ್ಲರೂ ಫೈರ್‌ಬಗ್ ಹೇಳಿಕೊಟ್ಟದ್ದನ್ನೇ ಕಲಿತರು, ಫೈರ್‌ಬಗ್ಗಿಗೇ ಕೆಲಸ ಇಲ್ಲದಾಯಿತು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಅದು ಪೂರ್ತಿ ನಿಂತೇಹೋಯಿತು. ಆ ವಾರ ನಮ್ಮನೆಯಲ್ಲಿ ಸೂತಕದ ಕಳೆ. ಹತ್ತಿರದ ನೆಂಟರು ಯಾರೋ ಹೋದರೇನೋ ಅಂದುಕೊಂಡು ನಾನು ಸಿಹಿ ಅಡುಗೆ ಮಾಡದೆ ಇದ್ದೆ. ವಿಷಯ ಗೊತ್ತಾದ ಮೇಲೆ ಬೇಕಂತಲೇ ಶಾವಿಗೆ ಪಾಯಸ ಮಾಡಿದೆ.

ಈ ಜನದ ಮಾತುಕತೆಯೇ ವಿಚಿತ್ರ. ಒಂದು ದಿನ ಬಹಳ ಖುಷಿಯಲ್ಲಿ ಬಂದು, "2015ರಲ್ಲಿ ಡ್ಯಾನ್ ಅಬ್ರಮೋವ್ ತೋರಿಸಿದ ರಿಡಕ್ಸ್ ಡೆವ್‌ಟೂಲ್ಸ್ ಅಂತ ಇದೆ ಕಣೇ, ಅದರಲ್ಲಿ ಕಾಲದಲ್ಲಿ ಹಿಂದಕ್ಕೆ ಹೋಗಬಹುದು" ಅಂದರು. ಆ್ಯಪಿನಲ್ಲಿ ಒಂದೊಂದು ಗುಂಡಿ ಒತ್ತಿದಾಗಲೂ ಸ್ಥಿತಿ ಹೇಗೆ ಬದಲಾಯಿತು ಅಂತ ಬರೆದಿಟ್ಟುಕೊಂಡಿರುತ್ತದಂತೆ. ಬೇಕಾದ ಹೆಜ್ಜೆಗೆ ವಾಪಸ್ ಹೋಗಿ, ತಪ್ಪಿದ್ದೆಲ್ಲಿ ಅಂತ ನೋಡಬಹುದಂತೆ. "ಎಷ್ಟು ಹಿಂದಕ್ಕೆ ಹೋಗಬಹುದು? ನೀವು ನಮ್ಮನೆಗೆ ಹೆಣ್ಣು ನೋಡೋಕೆ ಬಂದ ದಿನದ ತನಕ ಹೋಗತ್ತಾ?" ಅಂದೆ. ಅವತ್ತಿನಿಂದ ಆ ಸಾಧನದ ಸುದ್ದಿ ಎತ್ತಿಲ್ಲ.

ಇನ್ನೊಂದು ದಿನ ಎಫ್ 12 ಒತ್ತಿ, ಬಂದ ಕಿಟಕಿಯ ಮೇಲೆ ಮತ್ತೆ ಏನೋ ಒತ್ತಿ ಇನ್ನೊಂದು ಕಿಟಕಿ ತೆರೆದು, ಗೋಪುರ ಕಟ್ಟಿದ ಮಗುವಿನ ಥರ ನನ್ನ ಮುಖ ನೋಡಿದರು. ಕ್ರೋಮಿನ ಆ ಸಾಧನವೂ ಒಂದು ಜಾಲಪುಟವೇ ಅಂತೆ. ಅದೇ ಭಾಷೆಯಲ್ಲಿ ಬರೆದಿದ್ದಾರೆ, ಅದರ ಕೋಡೂ ಓಪನ್ ಸೋರ್ಸ್. ಹಾಗಾಗಿ ಆ ಸಾಧನದ ತಪ್ಪನ್ನು ಆ ಸಾಧನದಿಂದಲೇ ಹುಡುಕಬಹುದು. ಇದು ಮಾತ್ರ ನನಗೆ ನಾಟಿತು. ನಾನು ಲೆಕ್ಕಪತ್ರದ ಕೆಲಸದವಳು. ಲೆಕ್ಕ ತಪಾಸಣೆಗೆ ಬಂದವರ ಲೆಕ್ಕವನ್ನು ನೋಡುವವರು ಯಾರು ಅನ್ನೋ ಪ್ರಶ್ನೆ ನನಗೆ ಪ್ರತಿ ವರ್ಷ ಮಾರ್ಚ್‌ನಲ್ಲಿ ಏಳುತ್ತದೆ. ಪರರ ತಪ್ಪು ಹುಡುಕಲು ಹೊರಟವರು ಮೊದಲು ತಮ್ಮನ್ನು ಬಯಲಿಗಿಡಬೇಕು ಅನ್ನುವುದನ್ನು ಈ ಹುಡುಗರು ನಮ್ಮ ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದ್ದಾರೆ.

ಇಷ್ಟು ಮೆಚ್ಚಿಕೊಂಡ ಮೇಲೆ ಒಂದು ದೂರೂ ಹೇಳಬೇಕು. ಎಫ್ 12ನ್ನು ಎಲ್ಲರ ಕೈಗೂ ಕೊಟ್ಟದ್ದರಿಂದ ನಮ್ಮ ಮನೆತನಕ್ಕೆ ಒಂದು ಮರೆಯಲಾಗದ ದಿನ ಬಂತು. ನನ್ನ ತಮ್ಮನ ಮಗ ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟ ತೆರೆದು, ಗಣಿತದ 38ನ್ನು ಇನ್‌ಸ್ಪೆಕ್ಟ್ ಮಾಡಿ, 88 ಅಂತ ತಿದ್ದಿ, ಸ್ಕ್ರೀನ್‌ಶಾಟ್ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಅಜ್ಜಿ ಕೇರಿಗೆಲ್ಲ ಪೇಡ ಹಂಚಿದರು. ಚಿಕ್ಕಪ್ಪ ಒಬ್ಬರು ಅವನ ಲ್ಯಾಪ್‌ಟಾಪಿನಲ್ಲೇ ನೋಡೋಣ ಅಂತ ಹೋಗಿ, ಅಭ್ಯಾಸಬಲದಿಂದ ಎಫ್ 5 ಒತ್ತಿದರು. ಐವತ್ತು ಅಂಕ ಅಲ್ಲೇ ಆವಿ! ಎಫ್ 12ರಲ್ಲಿ ಏನು ತಿದ್ದಿದರೂ ಅದು ನಿಮ್ಮ ಪರದೆಯ ಮೇಲಷ್ಟೇ; ದೂರದ ಸರ್ವರಿನಲ್ಲಿ ಇರುವುದು ಇದ್ದ ಹಾಗೇ ಇರುತ್ತದೆ, ಪುಟ ಮತ್ತೆ ತಂದರೆ ನಿಜ ವಾಪಸ್. ಹಾಗಾಗಿ ದುಡ್ಡು ಕಳಿಸಿದ್ದೇನೆ ಅಂತ ಯಾರಾದರೂ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ನಿಮ್ಮ ಖಾತೆಯನ್ನೇ ನೋಡಿ. ಇನ್ನು "ಎಫ್ 12 ಒತ್ತಿ, ಈ ನಾಲ್ಕು ಸಾಲು ಅಂಟಿಸಿ, ನಿಮ್ಮ ಪ್ರೊಫೈಲ್ ನೋಡಿದವರ ಪಟ್ಟಿ ಬರುತ್ತೆ" ಅಂತ ಹೇಳುವವರಂತೂ ನಿಮ್ಮ ಖಾತೆಯ ಕೀಲಿಗೇ ಕೈ ಹಾಕುವವರು. ಫೇಸ್‌ಬುಕ್ ಪುಟದಲ್ಲಿ ಎಫ್ 12 ಒತ್ತಿ, ಕೋಡ್ ಅಂಟಿಸುವ ಜಾಗವಾದ ಕನ್ಸೋಲ್ ತೆರೆದರೆ ದಪ್ಪ ಕೆಂಪಕ್ಷರದಲ್ಲಿ "ನಿಲ್ಲಿ!" ಅಂತ ಗದರುವುದು ಅದಕ್ಕೇ.

ನಮ್ಮನೆಯವರ ಸ್ವಂತ ಸಾಧನ ಹುಟ್ಟಿದ್ದು ಮಾತ್ರ ದೋಸೆಯಿಂದ. ಕುಂದಾಪುರದ ಕಡೆಯ ಗೆಳೆಯರೊಬ್ಬರು ಇಲ್ಲಿ ಊರ ತಿಂಡಿಯ ಹೋಟೆಲ್ ಇಟ್ಟರು. ಜಾಲತಾಣ ಬೇಕು: ಇಂಗ್ಲಿಷ್, ಅರಬಿ, ಜತೆಗೆ ಊರಿನ ಅಭಿಮಾನಕ್ಕೆ ಕನ್ನಡ. ಯಾರೋ ಮಾಡಿಕೊಟ್ಟರು. ಸ್ವಲ್ಪ ದಿನದಲ್ಲೇ ಫೋನು: "ಹ್ವಾಯ್, ಅರಬಿ ಪುಟ ಕಂಡವ್ರದ್ದ್ ಒಂದ್ ಫೋನೂ ಬತ್ತಿಲ್ಲೆ ಮಾರಾಯ್ರೆ!"

ಇವರು ಎಫ್ 12 ಒತ್ತಿದರು, ಗುಟ್ಟು ಸಿಕ್ಕಿತು. ಅರಬಿ ಬಲದಿಂದ ಎಡಕ್ಕೆ ಹರಿಯುವ ಬರಹ. ಅದರೊಳಗೆ ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಎಂಟಂಕಿಯ ಕತಾರ್ ನಂಬರನ್ನು ನಾಲ್ಕು ನಾಲ್ಕಾಗಿ ಬಿಡಿಸಿ, ಮೊದಲಿಗೆ ಪ್ಲಸ್ 974 ಹಾಕಿ, ನಡುವೆ ಜಾಗ ಬಿಟ್ಟು ಬರೆದಿದ್ದರು. ಯೂನಿಕೋಡಿನ ನಿಯಮದ ಪ್ರಕಾರ ಒಂದೊಂದು ಗುಂಪಿನ ಒಳಗೆ ಅಂಕಿಗಳು ಸರಿಯಾಗೇ ಇದ್ದವು, ಆದರೆ ಗುಂಪುಗಳು ಬಲಗಡೆಯಿಂದ ಸಾಲುಗಟ್ಟಿ ನಿಂತವು. ಕೊನೆಯ ನಾಲ್ಕಂಕಿ ಮೊದಲಾಯಿತು, ದೇಶದ ಸಂಖ್ಯೆ ಬಲತುದಿಗೆ ಹೋಯಿತು, ಪ್ಲಸ್ ಚಿಹ್ನೆ ಅದರ ಬೆನ್ನ ಹಿಂದೆ ಅಡಗಿತು. ದೋಸೆ ಬೇಕಾದವರ ಫೋನೆಲ್ಲ ಯಾರೋ ಅಪರಿಚಿತರಿಗೆ ಹೋಗುತ್ತಿದ್ದಿರಬೇಕು, ಪಾಪ. ನಂಬರಿನ ಸುತ್ತ ಒಂದು ಟ್ಯಾಗ್ ಹಾಕಿ "ಇದು ಎಡದಿಂದ ಬಲಕ್ಕೆ" ಅಂತ ಗುರುತು ಕೊಟ್ಟರು, ಮುಗಿಯಿತು.

ಅಷ್ಟರಲ್ಲಿ ಗೆಳೆಯರು ಕನ್ನಡ ಪುಟ ತೋರಿಸಿದರು. ನೀರ್‌ದೋಸೆ ಇರಬೇಕಾದಲ್ಲಿ "ನೀರ್ದೋಸೆ", ಮೈಸೂರ್‌ಪಾಕ್ ಇರಬೇಕಾದಲ್ಲಿ "ಮೈಸೂರ್ಪಾಕ್". ರ್ ಮತ್ತು ದೋ ನಡುವೆ, ಅವೆರಡೂ ಅಂಟಿಕೊಳ್ಳದ ಹಾಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರಬೇಕಂತೆ, ಝಡ್‌ಡಬ್ಲ್ಯುಎನ್‌ಜೆ ಅಂತ ಅದರ ಹೆಸರು. ಮೆನು ತುಂಬುವ ಫಾರ್ಮು ಅದನ್ನು ಕಸ ಅಂದುಕೊಂಡು ಗುಡಿಸಿ ಹಾಕುತ್ತಿತ್ತು. ಕ್ರೋಮಿನ ಇನ್‌ಸ್ಪೆಕ್ಟರಿನಲ್ಲಿ ಆ ಅಕ್ಷರ ಇದ್ದರೆ ಹೆಸರು ಸಮೇತ ಎದ್ದು ಕಾಣುತ್ತದೆ. ಇಲ್ಲಿ ಕಾಣಲಿಲ್ಲ, ಕಳ್ಳ ಸಿಕ್ಕಿಬಿದ್ದ.

ಆ ರಾತ್ರಿಯೇ ಕೂತರು ನೋಡಿ, ಪುಟದಲ್ಲಿ ಅಡಗಿರುವ ಕಾಣದ ಅಕ್ಷರಗಳನ್ನೂ, ದಿಕ್ಕು ತಪ್ಪಿದ ಬರಹವನ್ನೂ ಬಣ್ಣ ಹಚ್ಚಿ ತೋರಿಸುವ ಎಕ್ಸ್‌ಟೆನ್ಷನ್ ಕಟ್ಟಲು. ನಾನು "ಇಷ್ಟು ಸಣ್ಣ ವಿಷಯಕ್ಕಾ?" ಅಂದೆ. ಸಣ್ಣದಲ್ಲವಂತೆ. 2021ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್, ಇದೇ ದಿಕ್ಕು ಬದಲಿಸುವ ಕಾಣದ ಅಕ್ಷರಗಳನ್ನು ಕೋಡಿನೊಳಗೆ ತುರುಕಿದರೆ ಓದುವವನ ಕಣ್ಣಿಗೆ ಒಂದು, ಕಂಪ್ಯೂಟರಿಗೆ ಇನ್ನೊಂದು ಕಾಣುವಂತೆ ಮಾಡಬಹುದು ಅಂತ ತೋರಿಸಿ ಎಲ್ಲರ ನಿದ್ದೆ ಕೆಡಿಸಿದರಂತೆ. ದೋಸೆಯ ಮಾತು ಟ್ರೋಜನ್ ಕುದುರೆಯ ತನಕ ಬಂತು.

ಹೀಗೆ ಕಣ್ಣಿಗೆ ಬೀಳದೆ ದುಡಿಯುವವರ ಪಟ್ಟಿಯೇ ಇವರ ಬಳಿ ಇದೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ನಮ್ಮ ಕನ್ನಡದ ಒತ್ತು, ಕೊಂಬು, ಗುಣಿತಗಳನ್ನು ಹೊಂದಿಸಿ ಕೂರಿಸುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಸಾಧನ. ಅದನ್ನು ಬಹುಕಾಲದಿಂದ ಕಟ್ಟುತ್ತಿರುವ ಬೆಹದಾದ್ ಇಸ್ಫಹಬೋದ್ ಇಲ್ಲಿಂದ ಕೊಲ್ಲಿಯ ಆಚೆ, ಇರಾನಿನಲ್ಲಿ ಹುಟ್ಟಿದವರು. ದೋಹಾದಲ್ಲಿ ಕೂತು ನಾನು ತಂಗಿಗೆ "ಕ್ಷೇಮ" ಅಂತ ಬರೆದರೆ ಆ ಕ್ಷ ನೆಟ್ಟಗೆ ಕಾಣುವುದು ಇಂಥವರ ದಯೆಯಿಂದ. ಕಣ್ಣು ಕಾಣದವರೂ ಜಾಲತಾಣ ಬಳಸುವಂತಿರಬೇಕು ಅಂತ ಕತಾರಿನಲ್ಲಿ 2010ರಲ್ಲಿ ಮದಾ ಎಂಬ ಕೇಂದ್ರ ಶುರುವಾಯಿತು, ಮರುವರ್ಷ ಅದಕ್ಕೊಂದು ರಾಷ್ಟ್ರೀಯ ನೀತಿಯೂ ಬಂತು. ಚಿತ್ರಕ್ಕೆ ವಿವರಣೆ ಇದೆಯೇ, ಗುಂಡಿಗೆ ಹೆಸರಿದೆಯೇ, ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗಿದೆಯೇ ಅಂತ ಪರೀಕ್ಷಿಸುವ ಆಕ್ಸ್ ಎಂಬ ಸಾಧನವನ್ನು ಡೀಕ್ಯೂ ಸಂಸ್ಥೆ 2015ರಲ್ಲಿ ಬಯಲಿಗಿಟ್ಟಿತು; ಗೂಗಲಿನ ಲೈಟ್‌ಹೌಸ್ ಕೂಡ ಆ ಪರೀಕ್ಷೆಗೆ ಆಕ್ಸನ್ನೇ ಬಳಸುತ್ತದೆ. ಅಷ್ಟು ದೊಡ್ಡ ಮನೆಯವರೂ ಪಕ್ಕದ ಮನೆಯ ಸಾಧನವನ್ನೇ ಬಳಸಿದರು ಅಂದಮೇಲೆ ನಮ್ಮ ಸ್ವಾಭಿಮಾನದ ಮಾತೇನು.

ಒಂದು ಆ್ಯಪು ಸರ್ವರಿಗೆ ಕೇಳುವ ಪ್ರಶ್ನೆಗಳನ್ನು ಪರೀಕ್ಷಿಸಲು ಪೋಸ್ಟ್‌ಮನ್ ಅಂತ ಇದೆ. ಅಭಿನವ್ ಅಸ್ಥಾನಾ 2012ರ ಸುಮಾರಿಗೆ ಕ್ರೋಮಿನ ಪುಟ್ಟ ಎಕ್ಸ್‌ಟೆನ್ಷನ್ ಆಗಿ ಮಾಡಿದ್ದು; 2014ರಲ್ಲಿ ಇನ್ನಿಬ್ಬರು ಗೆಳೆಯರು ಸೇರಿ ಬೆಂಗಳೂರಿನಲ್ಲಿ ಕಂಪನಿಯಾಯಿತು. "ನಮ್ಮೂರಿನದು" ಅಂತ ನಾನು ಬೀಗುವಷ್ಟರಲ್ಲಿ ಇವರು, "ಅದಕ್ಕೆ ಪೂರ್ತಿ ಓಪನ್ ಸೋರ್ಸಿನ ಎದುರಾಳಿ 2019ರಲ್ಲಿ ಬಂತು, ಹಾಪ್‌ಸ್ಕಾಚ್ ಅಂತ. ಮೊದಲು ಪೋಸ್ಟ್‌ವುಮನ್ ಅಂತಿದ್ದರು. ಮಾಡಿದ್ದು ಕೇರಳದ ಲಿಯಾಸ್ ಥಾಮಸ್" ಅಂದರು. ಕತಾರಿನಲ್ಲಿ ಯಾವ ಅಂಗಡಿ, ಯಾವ ಆಸ್ಪತ್ರೆ ಹೊಕ್ಕರೂ, ಯಾವ ಟ್ಯಾಕ್ಸಿ ಹತ್ತಿದರೂ ಮಲಯಾಳ ಕೇಳಿಸುತ್ತದೆ. ಎಫ್ 12ರ ಹಿಂದೆಯೂ ಅವರೇ ಸಿಗಬೇಕೇ!

ನಾನಾದರೂ ಎಷ್ಟು ದಿನ ಹೊರಗೆ ನಿಂತು ಆಡಿಕೊಳ್ಳಲಿ? ಒಂದು ಶುಕ್ರವಾರ ಇವರ ಎಕ್ಸ್‌ಟೆನ್ಷನ್ ಹಾಕಿಕೊಂಡು ಕನ್ನಡ ಪುಟವೊಂದನ್ನು ತೆರೆದೆ. ಪಕ್ಕದ ಪಟ್ಟಿಯಲ್ಲಿ ಪದಗಳೆಲ್ಲ ಸಾಲಾಗಿ ಬಂದವು. ನೋಡುತ್ತೇನೆ, ಸಾಲಿನ ಎತ್ತರ ಇಂಗ್ಲಿಷಿನ ಅಳತೆಗೆ ಕತ್ತರಿಸಿದೆ. ಕೆಳಗೆ ಇಳಿಬೀಳುವ ಒತ್ತಕ್ಷರಕ್ಕೆ ಜಾಗವೇ ಇಲ್ಲ. "ಅತ್ತೆ" ಹೋಗಿ "ಅತೆ" ಆಗಿದ್ದಾರೆ. ಅದನ್ನಾದರೂ ಸಹಿಸಬಹುದು. ಅದರ ಕೆಳಗಿನ ಸಾಲಿನಲ್ಲಿ "ಪತ್ನಿ" ಇರಬೇಕಾದ ಕಡೆ, ಒತ್ತು ಕಳಚಿ, ಬರೀ "ಪತಿ" ನಿಂತಿದ್ದಾನೆ!

ಕೂಗಿ ಹೇಳಬಹುದಿತ್ತು, ಆಸಾಮಿ ಪಕ್ಕದ ಕೋಣೆಯಲ್ಲೇ ಇದ್ದರು. ಹೇಳಲಿಲ್ಲ. ಅವರ ಪ್ರಾಜೆಕ್ಟಿನಲ್ಲಿ ಖಾತೆ ತೆರೆದು, ನಿಯಮದ ಪ್ರಕಾರ ಇಶ್ಯೂ ಬರೆದೆ: ಯಾವ ಬ್ರೌಸರ್, ಏನು ಮಾಡಿದೆ, ಏನು ಕಾಣಬೇಕಿತ್ತು, ಏನು ಕಂಡಿತು, ಸ್ಕ್ರೀನ್‌ಶಾಟ್ ಸಮೇತ. ತಲೆಬರಹ: "ಪತ್ನಿಗೆ ಜಾಗವಿಲ್ಲ." ಗೋಡೆಯಾಚೆಯಿಂದ ಉತ್ತರವೂ ನಿಯಮದ ಪ್ರಕಾರವೇ ಬಂತು: "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ. ತಾವೇ ಪ್ಯಾಚ್ ಕಳಿಸಿದರೆ ಸ್ವಾಗತ." ತಪ್ಪು ಕಂಡವರೇ ತಿದ್ದಬೇಕು ಅನ್ನುವುದು ಈ ಓಪನ್ ಸೋರ್ಸ್ ಊರಿನ ರಿವಾಜಂತೆ. ಬಿಟ್ಟೇನೇ? ಎಫ್ 12 ಒತ್ತಿ, ಎತ್ತರದ ಸಾಲು ಹುಡುಕಿ, ಅಂಕಿ ಹಿಗ್ಗಿಸಿ ನೋಡಿದೆ; ನ ಒತ್ತು ಇಳಿಯಿತು, ಪತ್ನಿ ಮರಳಿದಳು. ಅದನ್ನೇ ಕಳಿಸಿದೆ. ಅದಕ್ಕೂ ಕೊಂಕು ತೆಗೆದು, ಒಂದು ಸೆಮಿಕೋಲನ್ ಹಾಕಿಸಿ, ಕೊನೆಗೆ ಸೇರಿಸಿಕೊಂಡರು.

ಅತ್ತೆಗೆ ಸುದ್ದಿ ಮುಟ್ಟಿತು. "ಅವನೊಬ್ಬ ಸಾಲದೂಂತ ನೀನೂ ಶುರು ಹಚ್ಕಂಡ್ಯಾ? ನಿಂಗಾದ್ರೂ ಏನಾದ್ರೂ ಕೊಟ್ರಾ?" ಅಂತ ಕೇಳಿದರು. ಕೊಟ್ಟರು ಅತ್ತೆ ಅಂದೆ. ಗಂಡನ ತಪ್ಪನ್ನು ಲೋಕಕ್ಕೆಲ್ಲ ಕಾಣುವ ಹಾಗೆ ಬರೆದಿಟ್ಟು, ಅದಕ್ಕೆ ಅವನ ಕೈಯಿಂದಲೇ ಧನ್ಯವಾದ ಬರೆಸಿಕೊಳ್ಳುವ ಭಾಗ್ಯ ನಿಮ್ಮ ಕಾಲದಲ್ಲಿ ಯಾರಿಗಿತ್ತು ಹೇಳಿ? ಅತ್ತೆ ಒಂದು ಕ್ಷಣ ಯೋಚಿಸಿದರು. ಆಮೇಲೆ, "ನಿಮ್ಮ ಮಾವಂದೂ ಒಂದಿಷ್ಟು ಇದಾವೆ, ಬರಿಯಕ್ಕಾಗತ್ತಾ?" ಅಂದರು.